ಐಸ್‌ಲ್ಯಾಂಡಿನ ‘ವಿಸ್ತರ್‌ಬಂದ್’ – ಇದನ್ನು ‘ಜೀತ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದೇ ಪದದ ಮುಂದೆ ನಿಂತಿದ್ದೇನೆ. ಐಸ್‌ಲ್ಯಾಂಡಿನ ಬಡವರು ಹಿಂದೆ ಹೇಗೆ ಬದುಕುತ್ತಿದ್ದರು ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕಡಲುಗಳ್ಳರು, ಜ್ವಾಲಾಮುಖಿ ಇವುಗಳ ಬಗ್ಗೆ ಬೇಕಾದಷ್ಟು ಬಂದಿದೆ. ನನಗೆ ಬೇಕಾಗಿರುವುದು ಹುಲ್ಲು ಕೊಯ್ದವರ, ಹಾಲು ಕರೆದವರ, ಚಳಿಗಾಲದಲ್ಲಿ ದೋಣಿ ಹತ್ತಿ ಮೀನಿಗೆ ಹೋದವರ ಬದುಕು. ಅಲ್ಲಿಗೆ ಹೋದ ತಕ್ಷಣ ‘ವಿಸ್ತರ್‌ಬಂದ್’ ಅನ್ನುವ ಪದ ಎದುರಾಗುತ್ತದೆ. ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕು?

ಮೊದಲು ಅದು ಏನು ಅಂತ ಹೇಳುತ್ತೇನೆ. 1490ರ ಒಂದು ಕಟ್ಟಳೆಯಿಂದ ಶುರುವಾದದ್ದು. ಸ್ವಂತ ಜಮೀನಾಗಲಿ ಗೇಣಿ ಜಮೀನಾಗಲಿ ಇಲ್ಲದವರು, ಸುಮಾರು ಮೂರು ಹಸುವಿನ ಬೆಲೆಯಷ್ಟೂ ಆಸ್ತಿ ಇಲ್ಲದವರು, ಯಾರಾದರೂ ಒಬ್ಬ ರೈತನ ಮನೆಯಲ್ಲಿ ಆಳಾಗಿ ಇರಲೇಬೇಕು. ಒಪ್ಪಂದ ಒಂದು ವರ್ಷದ್ದು. ವರ್ಷ ಮುಗಿದ ಮೇಲೆ ಮನೆ ಬದಲಾಯಿಸಬಹುದು, ಆ ಸ್ವಾತಂತ್ರ್ಯ ಇತ್ತು. ಆದರೆ ಯಾವ ಮನೆಯಲ್ಲೂ ಇಲ್ಲದೆ, ದಿನಗೂಲಿ ಮಾಡಿಕೊಂಡು ನನ್ನ ಪಾಡಿಗೆ ನಾನು ಇರುತ್ತೇನೆ ಅನ್ನುವ ಹಾಗಿಲ್ಲ. ಊಟ, ಹಾಸಿಗೆ, ಬಟ್ಟೆ ಯಜಮಾನನ ಕಡೆಯಿಂದ. ಹೆಣ್ಣಾಳಿಗೆ ಸಂಬಳ ಗಂಡಾಳಿಗಿಂತ ಬಹಳ ಕಡಿಮೆ. ಚಳಿಗಾಲದಲ್ಲಿ ಯಜಮಾನ ತನ್ನ ಆಳನ್ನು ಕಡಲ ದಂಡೆಗೆ ಮೀನು ಹಿಡಿಯಲು ಕಳಿಸುತ್ತಿದ್ದ. ಪ್ರಾಣ ಒತ್ತೆಯಿಟ್ಟು ದೋಣಿಯಲ್ಲಿ ಹೋಗುವವನು ಆಳು, ಅವನ ಪಾಲಿನ ಮೀನು ಸೇರುವುದು ಯಜಮಾನನಿಗೆ. ಇದನ್ನು ಓದಿದಾಗ ನನಗೆ ಮನಸ್ಸಿಗೆ ತುಂಬಾ ಹತ್ತಿತು. 19ನೇ ಶತಮಾನದಲ್ಲೂ ಜನಸಂಖ್ಯೆಯ ಸುಮಾರು ಕಾಲು ಭಾಗ ಹೀಗೆ ಆಳುಗಳೇ ಆಗಿದ್ದರು. 1863ರಲ್ಲಿ ಹಣ ಕಟ್ಟಿ ಬಿಡುಗಡೆ ಪಡೆಯಲು ದಾರಿ ಆಯಿತು, 1894ರ ಕಾಯಿದೆಯ ನಂತರ ಈ ಪದ್ಧತಿ ಹೆಚ್ಚುಕಡಿಮೆ ಮುಗಿಯಿತು.

ಈಗ ಪದಕ್ಕೆ ಬರೋಣ. ‘ವಿಸ್ತ್’ ಅಂದರೆ ಇರುವುದು, ತಂಗುವುದು. ಬುತ್ತಿ, ದಿನಸಿ ಅನ್ನುವ ಅರ್ಥವೂ ಇದೆ. ‘ಬಂದ್’ ಅಂದರೆ ಕಟ್ಟು. ಸಂಸ್ಕೃತದ ‘ಬಂಧ’, ಅಂಗಡಿ ಬಂದ್ ಅನ್ನುವಾಗಿನ ‘ಬಂದ್’, ಇದು, ಮೂರೂ ಒಂದೇ ಬೇರಿನವು. ‘ವಿಸ್ತ್’ ಕೂಡ ಸಂಸ್ಕೃತದ ‘ವಸತಿ’, ‘ವಾಸ’ಗಳ ದೂರದ ನೆಂಟ. ಅಂದರೆ ಬೇರಿನ ಲೆಕ್ಕದಲ್ಲಿ ಇದು ಸರಿಯಾಗಿ ‘ವಾಸಬಂಧ’! ಇದು ಗೊತ್ತಾದಾಗ ಖುಷಿಯಾಯಿತು, ಆದರೆ ಬಳಸಲು ಮನಸ್ಸು ಒಪ್ಪುತ್ತಿಲ್ಲ. ಓದಿದವರಿಗೆ ಗೃಹಬಂಧನದ ನೆನಪು ಬರುತ್ತದೆ.

ಹಾಗಾದರೆ ‘ಜೀತ’? ಗೆಳೆಯರೊಬ್ಬರು ಇದನ್ನೇ ಹಾಕಿ ಅಂದರು. ಪದದ ಹಳೆಯ ಅರ್ಥ ನೋಡಿದರೆ ತಪ್ಪೇನಿಲ್ಲ. ‘ಜೀವಿತ’ ಸವೆದು ‘ಜೀತ’ ಆಗಿದೆ, ಮೊದಲು ಅದಕ್ಕೆ ಸಂಬಳ ಅಂತಲೇ ಅರ್ಥ. ತೆಲುಗಿನಲ್ಲಿ ಇವತ್ತಿಗೂ ‘ಜೀತಂ’ ಅಂದರೆ ತಿಂಗಳ ಸಂಬಳ. ಆದರೆ ಇವತ್ತಿನ ಕನ್ನಡದಲ್ಲಿ ಜೀತ ಅಂದರೆ ಮೊದಲು ಕಣ್ಣಿಗೆ ಬರುವುದು ಸಾಲ. ಅಪ್ಪ ತಂದ ಸಾಲಕ್ಕೆ ಮಗ ದುಡಿಯುವುದು, ಎಷ್ಟು ದುಡಿದರೂ ಬಡ್ಡಿಯೇ ತೀರದಿರುವುದು, ಅದರ ಹಿಂದೆ ಜಾತಿ. 1976ರಲ್ಲಿ ಕಾಯಿದೆ ಮಾಡಿ ನಿಲ್ಲಿಸಬೇಕಾಗಿ ಬಂದ ಕ್ರೌರ್ಯ ಅದು. ಐಸ್‌ಲ್ಯಾಂಡಿನಲ್ಲಿ ಆಳನ್ನು ಕಟ್ಟಿಹಾಕಿದ್ದು ಸಾಲ ಅಲ್ಲ, ಕಾನೂನು. ರೈತನ ಮಗನೇ ಹರೆಯದಲ್ಲಿ ಇನ್ನೊಬ್ಬರ ಮನೆಯಲ್ಲಿ ಆಳಾಗಿರುತ್ತಿದ್ದ, ಆಮೇಲೆ ಒಂದು ಗೇಣಿ ಜಮೀನು ಸಿಕ್ಕರೆ ಮದುವೆಯಾಗಿ ಯಜಮಾನ ಆಗುತ್ತಿದ್ದ. ಜಮೀನು ಸಿಗದವರಿಗೆ ಎಷ್ಟೋ ಸಲ ಮದುವೆಯೇ ಇಲ್ಲ, ಕೊನೆವರೆಗೂ ಆಳೇ. ಅದು ಕಷ್ಟದ ಬದುಕೇ, ಅನುಮಾನ ಇಲ್ಲ. ಆದರೂ ಅದನ್ನು ಜೀತ ಅಂದರೆ ನಮ್ಮಲ್ಲಿ ಜೀತ ಮಾಡಿದವರ ನೋವನ್ನು ಹಗುರ ಮಾಡಿದ ಹಾಗೆ ಅಂತ ನನಗೆ ಅನ್ನಿಸುತ್ತದೆ.

‘ಸಂಬಳದಾಳು’ ಇನ್ನೂ ಹತ್ತಿರ. ತಿಪಟೂರಿನ ಕಡೆ ನಮ್ಮ ಅಜ್ಜನ ಮನೆಯಲ್ಲಿ ಉಗಾದಿಯಿಂದ ಉಗಾದಿಗೆ ಆಳು ಗೊತ್ತುಮಾಡುತ್ತಿದ್ದರು. ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಅಂತ ಮಾತಾಗುತ್ತಿತ್ತು. ಐಸ್‌ಲ್ಯಾಂಡಿನಲ್ಲೂ ಆಳುಗಳು ಮನೆ ಬದಲಾಯಿಸಲು ಒಂದು ಗೊತ್ತಾದ ದಿನ ಇತ್ತು, ಮೇ 14. ಅಂದರೆ ಆಳಿಗೆ ಹೆಸರು ಸಿಕ್ಕಿತು. ಸಿಗದೇ ಇರುವುದು ಆ ಪದ್ಧತಿಗೆ, ಇರಲೇಬೇಕು ಅನ್ನುವ ಆ ಬಲವಂತಕ್ಕೆ ಹೆಸರು. ನಾನು ‘ಆಳುಗಟ್ಟು’ ಅಂತ ಮಾಡಿಕೊಂಡಿದ್ದೇನೆ. ಒಕ್ಕಟ್ಟು, ಇಕ್ಕಟ್ಟು ಇದ್ದ ಹಾಗೆ ಕಿವಿಗೆ ಕೂರುತ್ತದೆ ಅಲ್ವಾ? ತಿರುಗಿಸಿ ‘ಕಟ್ಟಾಳು’ ಅನ್ನಲು ಆಗುವುದಿಲ್ಲ, ಅದು ಗಟ್ಟಿಮುಟ್ಟಾದ ಗಂಡಸಿಗೆ ಹೇಳುವ ಮಾತು.

ಇದರ ಜೊತೆಗೆ ಬರುವ ಇನ್ನು ಕೆಲವು ಪದಗಳೂ ಇವೆ. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಥುರ್ರಬೂದ್’. ಪದಕ್ಕೆ ಪದ ಇಟ್ಟರೆ ‘ಒಣಗುಡಿಸಲು’. ಮಳೆ ಸೋರದ ಗುಡಿಸಲು ಅಂತ ನಾನು ಮೊದಲು ತಿಳಿದಿದ್ದೆ. ಅದಲ್ಲ. ಹಾಲು ಇಲ್ಲದ ಮನೆ! ಹಸು, ಕುರಿ ಸಾಕಲು ಹುಲ್ಲುಗಾವಲು ಇಲ್ಲ, ಕಡಲ ದಂಡೆಯಲ್ಲಿ ಮೀನು ಹಿಡಿದೇ ಹೊಟ್ಟೆ ತುಂಬಿಸಬೇಕು. ದವಸ ಬೆಳೆಯದ ಆ ನಾಡಿನಲ್ಲಿ ಹಾಲು, ಬೆಣ್ಣೆ, ‘ಸ್ಕೀರ್’ ಅನ್ನುವ ಗಟ್ಟಿ ಮೊಸರು, ಒಣಮೀನು ಇವೇ ಊಟ. ಹಾಗಾಗಿ ಮನೆಯಲ್ಲಿ ಕರೆಯುವ ಹಸು ಇದೆಯಾ ಇಲ್ಲವಾ ಅನ್ನುವುದೇ ಬಡತನದ ಅಳತೆ. ಹಾಲು ನಿಂತ ಹಸುವಿಗೆ ನಾವು ‘ಬತ್ತಿದೆ’ ಅನ್ನುತ್ತೇವೆ. ‘ಬತ್ತಿದ ಮನೆ’ ಅಂದರೆ ಓದುವವರಿಗೆ ತಟ್ಟುತ್ತದಾ, ಅಥವಾ ‘ಹೈನಿಲ್ಲದ ಮನೆ’ ಅಂತ ಸ್ಪಷ್ಟವಾಗಿ ಬರೆಯಲಾ?

‘ಓಮಾಯಿ’ಗೆ ಮಾತ್ರ ತೊಂದರೆಯೇ ಆಗಲಿಲ್ಲ. ತನ್ನನ್ನು ತಾನು ಸಾಕಿಕೊಳ್ಳಲು ಆಗದವರು, ಅಂದರೆ ಮಕ್ಕಳು, ಮುದುಕರು, ಕಾಯಿಲೆಯವರು. ಪದದ ಅರ್ಥವೇ ಶಕ್ತಿ ಇಲ್ಲದವರು. ನಮ್ಮ ‘ಕೈಲಾಗದವರು’ ಅದರ ಪಡಿಯಚ್ಚು. ಅವರನ್ನು ನೋಡಿಕೊಳ್ಳುವ ಹೊಣೆ ‘ಹ್ರೆಪ್ಪುರ್’ನದು. ಇದು ಅಕ್ಕಪಕ್ಕದ ರೈತರ ಮನೆಗಳು ಸೇರಿದ ಗುಂಪು. ಅಲ್ಲಿ ಊರು ಅಂತ ಇರಲೇ ಇಲ್ಲ, ನಮ್ಮ ಮಲೆನಾಡಿನ ಹಾಗೆ ಒಂಟಿ ಮನೆಗಳು, ಹಾಗಾಗಿ ‘ಪಂಚಾಯಿತಿ’ ಅನ್ನಲು ಹಿಂಜರಿಯುತ್ತಿದ್ದೇನೆ. ಹ್ರೆಪ್ಪುರ್‌ನವರು ಕೈಲಾಗದವರನ್ನು ಒಂದೊಂದು ಮನೆಯಲ್ಲಿ ಇಡುತ್ತಿದ್ದರು. ಖರ್ಚಿಗೆ ಯಾರು ಕಡಿಮೆ ಕೇಳುತ್ತಾರೋ ಎಷ್ಟೋ ಸಲ ಅವರ ಮನೆಗೇ ಹೋಗಬೇಕು. ಹೀಗೆ ಇಟ್ಟವರಿಗೆ ‘ನಿದುರ್‌ಸೆತ್ನಿಂಗುರ್’ ಅಂತ ಹೆಸರು, ಅಂದರೆ ‘ತಂದು ಕೂರಿಸಿದವರು’. ‘ವಾರಾನ್ನ’ ನೆನಪಾಯಿತು, ಆದರೆ ಅದು ಓದುವ ಹುಡುಗನಿಗೆ ದಿನಕ್ಕೊಂದು ಮನೆಯ ಊಟ, ಅದರಲ್ಲಿ ಒಂದು ಗೌರವ ಇದೆ. ಇಲ್ಲಿ ಅದಿಲ್ಲ. ಒಂದು ಮಗುವಿನ ಬಗ್ಗೆ ಬರೆಯುವಾಗ ಯಾವ ಪದ ಇಡಲಿ? ‘ಬಿಟ್ಟಿ ಕೂಳಿನವರು’ ಅನ್ನಲು ನನ್ನ ಕೈ ಬರುವುದಿಲ್ಲ.

1703ರಲ್ಲಿ ಅಲ್ಲಿ ಇಡೀ ದೇಶದ ಜನಗಣತಿ ನಡೆಯಿತು. 50,358 ಜನ. ಸುಮ್ನೆ ತಲೆ ಎಣಿಸಿ ಬಿಡಲಿಲ್ಲ, ಒಬ್ಬೊಬ್ಬರ ಹೆಸರು, ವಯಸ್ಸು, ಮನೆಯಲ್ಲಿ ಅವರ ಸ್ಥಾನ ಏನು ಅಂತ ಬರೆದರು. ಯಜಮಾನನ ಹೆಸರಿನ ಕೆಳಗೆ ಹೆಣ್ಣಾಳಿನ ಹೆಸರು, ತಂದು ಕೂರಿಸಿದ ಮುದುಕಿಯ ಹೆಸರು. ನನಗೆ ಪದಗಳ ಬಗ್ಗೆ ಇಷ್ಟು ಹಟ ಇರುವುದು ಅದಕ್ಕೇ. ಮುನ್ನೂರು ವರ್ಷದ ಹಿಂದೆ ಯಾರೋ ಅವರ ಸ್ಥಾನವನ್ನು ಸರಿಯಾದ ಹೆಸರಿಟ್ಟು ಬರೆದಿದ್ದಾರೆ. ಕನ್ನಡದಲ್ಲಿ ನಾನು ಎಲ್ಲರನ್ನೂ ‘ಕೂಲಿಕಾರರು’ ಅಂದುಬಿಟ್ಟರೆ ಆ ಹೆಂಗಸು, ಆ ಮುದುಕಿ ಮತ್ತೆ ಮಾಯವಾಗುತ್ತಾರೆ.

ಇನ್ನೊಂದು, ಬೇಗ ಕೇಳಿಬಿಡುತ್ತೇನೆ. ಎಲ್ಲರೂ ಒಟ್ಟಿಗೆ ಮಲಗುವ, ಉಣ್ಣುವ, ಉಣ್ಣೆ ನೂಲುವ ಕೋಣೆಗೆ ‘ಬಾದ್‌ಸ್ತೋವಾ’ ಅನ್ನುತ್ತಾರೆ. ಪದದ ಅರ್ಥ ಬಚ್ಚಲುಮನೆ! ಮೊದಲು ಬೆಚ್ಚಗೆ ಸ್ನಾನ ಮಾಡುವ ಜಾಗ ಆಗಿತ್ತು, ಆಮೇಲೆ ಹೆಸರು ಹಾಗೇ ಉಳಿಯಿತು. ಇದನ್ನು ‘ನಡುಮನೆ’ ಅನ್ನೋಣ ಅಂತಿದ್ದೇನೆ.

ನಿಮ್ಮ ಕಡೆ ವರ್ಷದ ಲೆಕ್ಕಕ್ಕೆ ಇರುವ ಆಳಿಗೆ ಏನು ಅನ್ನುತ್ತಿದ್ದರು? ಕಲಬುರಗಿ, ರಾಯಚೂರು, ಬೆಳಗಾವಿ ಕಡೆಯವರು ದಯವಿಟ್ಟು ಬರೆಯಿರಿ. ದಕ್ಷಿಣ ಕನ್ನಡದ ‘ಮೂಲದಾಳು’ ಗೊತ್ತು, ಆದರೆ ಅದು ತಲೆತಲಾಂತರದ್ದು, ಇಲ್ಲಿಗೆ ಹೊಂದುವುದಿಲ್ಲ. ಬೇರೆಯವರ ಮನೆಯಲ್ಲಿ ಊರವರು ಇಟ್ಟು ಸಾಕಿಸುತ್ತಿದ್ದ ಅನಾಥ ಮಗುವಿಗೆ ನಿಮ್ಮ ಅಜ್ಜಿಯರು ಯಾವುದಾದರೂ ಮಾತು ಬಳಸುತ್ತಿದ್ದರೆ ಅದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕು.