ಕ್ಯಾಲಿಫೋರ್ನಿಯಾದಲ್ಲಿ ಪಿಎ ಆಸ್ಪಿರೇಷನ್ ಗರ್ಭಪಾತ ಮಾಡಬೇಕಾದರೆ ಏನೇನು ಬೇಕು?

ಕೊಡಚಾದ್ರಿ:
ಕ್ಯಾಲಿಫೋರ್ನಿಯಾದ ಫಿಸಿಶಿಯನ್ ಅಸಿಸ್ಟೆಂಟ್ (ಡಾಕ್ಟರ್ ಜೊತೆ ಕೆಲಸ ಮಾಡುವ, ಲೈಸೆನ್ಸ್ ಇರುವ ಸಹಾಯಕ), ಅಂದರೆ ಪಿಎ, ಮೊದಲ ಮೂರು ತಿಂಗಳೊಳಗಿನ ಆಸ್ಪಿರೇಷನ್, ಅಂದರೆ ಹೀರಿ ತೆಗೆಯುವ ಗರ್ಭಪಾತ, ಮಾಡಬೇಕಾದರೆ ಕಾನೂನು ಯಾವ ತರಬೇತಿ ಕೇಳುತ್ತದೆ? ಡಾಕ್ಟರ್ ಪಕ್ಕದಲ್ಲೇ ನಿಂತಿರಬೇಕಾ? ಊರಲ್ಲಿ, ಅಂದರೆ ಭಾರತದಲ್ಲಿ, ಎಂಬಿಬಿಎಸ್ ಮುಗಿಸಿ ಎಂಟಿಪಿ (ಗರ್ಭಪಾತ) ತರಬೇತಿ ಪಡೆದು ಬಂದವರಿಗೆ ಅದು ಲೆಕ್ಕಕ್ಕೆ ಸಿಗುತ್ತದಾ?

ತುಂಗಾತೀರ:
ಪಕ್ಕದಲ್ಲಿ ನಿಲ್ಲಬೇಕಿಲ್ಲ. ನಿಮ್ಮ ಪ್ರ್ಯಾಕ್ಟಿಸ್ ಅಗ್ರಿಮೆಂಟಿನಲ್ಲೇ (ಪಿಎ ಏನೇನು ಮಾಡಬಹುದು ಅಂತ ಡಾಕ್ಟರ್ ಜೊತೆ ಮಾಡಿಕೊಳ್ಳುವ ಒಪ್ಪಂದ) ಹಾಗೆ ಬರೆದಿದ್ದರೆ ಮಾತ್ರ ಬೇಕು.

2013ರ ಎಬಿ 154 ಎಂಬ ರಾಜ್ಯ ಕಾನೂನು ಪಿಎ, ನರ್ಸ್ ಪ್ರ್ಯಾಕ್ಟಿಷನರ್, ನರ್ಸ್ ಮಿಡ್‌ವೈಫ್ ಮೂವರಿಗೂ ಈ ಅಧಿಕಾರ ಕೊಟ್ಟಿತು, 2014ರ ಜನವರಿ 1ರಿಂದ ಜಾರಿ. ಪಿಎಗಳ ಮೇಲಿದ್ದ ಮೇಲ್ವಿಚಾರಣೆಯ ಬಿಗಿಯನ್ನು ಸಡಿಲಿಸಿದ್ದು 2023ರ ಎಸ್‌ಬಿ 385 ಕಾನೂನು. ಓದಬೇಕಾದ್ದು ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡಿನ ಸೆಕ್ಷನ್ 3502.4. ಥಿಯರಿ ಮತ್ತು ಕ್ಲಿನಿಕಲ್ ಎರಡೂ ಭಾಗ ಮುಗಿಸಿ ಕೈ ಪಳಗಿದೆ ಅಂತ ತೋರಿಸಬೇಕು. ಮಾನ್ಯತೆ ಇರುವ ಪಿಎ ಕೋರ್ಸಿನಲ್ಲಿ ಕಲಿಯಬಹುದು. ಈ ಕೆಲಸ ಸ್ವತಃ ಮಾಡಿರುವ ಡಾಕ್ಟರ್, ನರ್ಸ್ ಪ್ರ್ಯಾಕ್ಟಿಷನರ್, ಮಿಡ್‌ವೈಫ್ ಅಥವಾ ಇನ್ನೊಬ್ಬ ಪಿಎ ಹತ್ತಿರ ಕ್ಲಿನಿಕ್ಕಿನಲ್ಲೋ ಆಸ್ಪತ್ರೆಯಲ್ಲೋ ಕಲಿತರೂ ಆಯಿತು.

ಎಡವುವುದು ಕಾಗದದಲ್ಲಿ. 2020ಕ್ಕೆ ಮುಂಚೆ ಇದ್ದದ್ದು 'ಡೆಲಿಗೇಷನ್ ಆಫ್ ಸರ್ವಿಸಸ್' ಒಪ್ಪಂದ. ಎಸ್‌ಬಿ 697 ಬಂದ ಮೇಲೆ ಅದರ ಜಾಗಕ್ಕೆ ಪ್ರ್ಯಾಕ್ಟಿಸ್ ಅಗ್ರಿಮೆಂಟ್ ಬಂತು. ಹಳೆಯ ನಮೂನೆಗೇ ಹೊಸ ತಾರೀಖು ಹಾಕಿ ಸಹಿ ಮಾಡಿಟ್ಟರೆ ಆಸ್ಪಿರೇಷನ್ ಅನ್ನುವ ಪದವೇ ಅದರಲ್ಲಿ ಇರುವುದಿಲ್ಲ. ತರಬೇತಿ ಎಷ್ಟೇ ಚೆನ್ನಾಗಿ ಆಗಿರಲಿ, ಆ ಸಾಲು ಸೇರಿಸಿ ಸಹಿ ಬೀಳುವ ತನಕ ಕೈ ಹಾಕಬೇಡಿ.

ಸಿರಿಗಂಧ:
ಸಂಖ್ಯೆಯ ವಿಚಾರ ಹೇಳ್ತೀನಿ. ಎಬಿ 154ಕ್ಕೆ ಬುನಾದಿಯಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ವಿಶ್ವವಿದ್ಯಾಲಯ ನಡೆಸಿದ ಪೈಲಟ್ ಪ್ರಾಜೆಕ್ಟ್ 171. ಅಲ್ಲಿ ಕಲಿಯುವವರಿಗೆ ಕನಿಷ್ಠ 6 ದಿನ, 40 ಕೇಸ್. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 11,487 ಆಸ್ಪಿರೇಷನ್‌ಗಳ ಲೆಕ್ಕ ಇದೆ: ತೊಡಕು ಡಾಕ್ಟರುಗಳ ಕೈಯಲ್ಲಿ ಶೇ. 0.9, ಉಳಿದವರ ಕೈಯಲ್ಲಿ ಶೇ. 1.8, ಬಹುಪಾಲು ಸಣ್ಣಪುಟ್ಟವು. 'ಎರಡು ಪಟ್ಟು' ಅಂತ ಹೆದರಿಸುವವರು ಈ ಎರಡು ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ಹೇಳಬೇಕು. ನನ್ನ ಪ್ರಕಾರ 40 ಅನ್ನುವುದು ಆರಂಭ ಅಷ್ಟೇ. ಹಿಂದಕ್ಕೆ ಬಾಗಿದ ಗರ್ಭಕೋಶ, ಹಿಂದಿನ ಸಿಸೇರಿಯನ್ ಇರುವ ಕೇಸ್‌ಗಳೂ ಅದರಲ್ಲಿ ಬಂದಿರಲಿ.

ಎಂಟಿಪಿ ವಿಷಯ: ನಮ್ಮ 2003ರ ನಿಯಮದಲ್ಲಿ 25 ಕೇಸಿಗೆ ನೆರವಾಗಿ, ಅದರಲ್ಲಿ 5 ಸ್ವತಂತ್ರವಾಗಿ ಮಾಡಿರಬೇಕು ಅಂತಿದೆ. ಅದು ಅಲ್ಲಿ ಡಾಕ್ಟರ್ ಆಗಿ ಸಿಕ್ಕ ಅರ್ಹತೆ. ಇಲ್ಲಿ ನಿಮ್ಮ ಲೈಸೆನ್ಸ್ ಪಿಎ. ಪಳಗಿದ ಕೈ ಉಪಯೋಗಕ್ಕೆ ಬರುತ್ತದೆ, ಆದರೆ ಇಲ್ಲಿನ ಕ್ಲಿನಿಕ್ಕಿನಲ್ಲೇ ಮೌಲ್ಯಮಾಪನ ಮಾಡಿಸಿಕೊಂಡು ಬರಹದಲ್ಲಿ ಪಡೆಯಿರಿ. ಪ್ರತಿ ಕೇಸಿನ ತಾರೀಖು, ಎಷ್ಟು ವಾರ, ಕ್ಯಾನ್ಯುಲಾ (ಹೀರುವ ಕೊಳವೆ) ಸೈಜು, ಅಂಗಾಂಶ ಪರೀಕ್ಷೆಯಲ್ಲಿ ಕಂಡದ್ದು, ತೊಡಕು, ಕಲಿಸಿದವರ ಸಹಿ, ಇಷ್ಟನ್ನೂ ಅವತ್ತವತ್ತೇ ಬರೆದಿಡಿ. ರೋಗಿಯ ಹೆಸರು ಬೇಡ.

ತುಂಗಾತೀರ:
ಒಂದು ಮಾತು ಬಿಟ್ಟಿದ್ದೆ. ಈ ಅಧಿಕಾರ ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ. ಮೇರಿಲ್ಯಾಂಡಿನಲ್ಲಿ 2022ರ ಜುಲೈನಿಂದ ಪಿಎಗಳಿಗೆ ಅವಕಾಶ ಇದೆ. ಮೊಂಟಾನಾದಲ್ಲಿ ಡಾಕ್ಟರ್ ಮಾತ್ರ ಮಾಡಬೇಕೆಂಬ 1995ರ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1997ರಲ್ಲಿ ತಡೆಯಲಿಲ್ಲ. 1999ರಲ್ಲಿ ಅದನ್ನು ತಳ್ಳಿಹಾಕಿದ್ದು ಆ ರಾಜ್ಯದ್ದೇ ಸುಪ್ರೀಂ ಕೋರ್ಟ್, ರಾಜ್ಯ ಸಂವಿಧಾನದ ಖಾಸಗಿತನದ ಹಕ್ಕಿನ ಆಧಾರದ ಮೇಲೆ. ಊರು ಬದಲಿಸುವ ಮುಂಚೆ ಆ ರಾಜ್ಯದ ಕಾನೂನು ಓದಿ.

ಕೊಡಚಾದ್ರಿ:
ತುಂಬಾ ಉಪಕಾರ ಆಯಿತು. ಅಂಗಾಂಶ ಪರೀಕ್ಷೆಗೆ ಅಷ್ಟು ಒತ್ತು ಯಾಕೆ?

ಸಿರಿಗಂಧ:
ಹೊಸಬರು ಅವಸರ ಮಾಡುವುದು ಅಲ್ಲೇ. ಹೊರಬಂದದ್ದನ್ನು ಸಣ್ಣ ಜರಡಿಯಲ್ಲಿ ತೊಳೆದು, ಗಾಜಿನ ತಟ್ಟೆಯ ನೀರಿಗೆ ಹಾಕಿ, ಕೆಳಗಿನಿಂದ ಬೆಳಕು ಬಿಡಿ. ವಿಲ್ಲೈ (ಗರ್ಭದ ಮಾಸಿನ ಸಣ್ಣ ಎಳೆಗಳು) ಇದ್ದರೆ ಬಿಳಿಯ ಎಳೆಗಳು ಪುಕ್ಕದ ಹಾಗೆ ಬಿಚ್ಚಿಕೊಳ್ಳುತ್ತವೆ. ಗರ್ಭಕೋಶದ ಒಳಪದರ ಹಾಗೆ ಬಿಚ್ಚಿಕೊಳ್ಳುವುದಿಲ್ಲ, ಮಂಕಾಗಿ ಕಾಣುತ್ತದೆ. ವಿಲ್ಲೈ, ಗರ್ಭದ ಚೀಲ ಎರಡೂ ಕಾಣದಿದ್ದರೆ ಅಲ್ಟ್ರಾಸೌಂಡ್ ಮತ್ತೆ ನೋಡಿ, ಅಗತ್ಯವಿದ್ದರೆ ಮತ್ತೊಮ್ಮೆ ಆಸ್ಪಿರೇಟ್ ಮಾಡಿ. ಆಗಲೂ ಸಿಗದಿದ್ದರೆ ಅದೇ ದಿನ ರಕ್ತದ ಎಚ್‌ಸಿಜಿ (ಗರ್ಭದ ಹಾರ್ಮೋನು) ಪರೀಕ್ಷೆಗೆ ಕಳಿಸಿ, 48 ಗಂಟೆಗೆ ಇನ್ನೊಮ್ಮೆ. ಗರ್ಭವು ಗರ್ಭಕೋಶದ ಬದಲು ಹೊರಗಿನ ನಾಳದಲ್ಲಿ ನಿಂತಿರಬಹುದು. ಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಭುಜದ ನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ ಹೋಗಬೇಕೆಂದು ಹೇಳಿ, ಫೋನ್ ನಂಬರ್ ಬರೆದುಕೊಟ್ಟೇ ಮನೆಗೆ ಕಳಿಸಿ.