ಅಪ್‌ಡೇಟ್: ಸ್ತೋತ್ರಗೀತೆಗಳ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಕೊನೆಗೂ ಗಿಟಾರಿಗೆ ಒಗ್ಗಿದವು

ನಾಲ್ಕು ಧ್ವನಿಗಳಿಗೆ ಬರೆದ ಹಳೆಯ ಸ್ತೋತ್ರಗೀತೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಬಡಿತಕ್ಕೂ ಕಾರ್ಡ್ ಬದಲಾಗುತ್ತದೆ, ಅದೂ ಗಿಟಾರಿನಲ್ಲಿ ಹಿಡಿಯಲು ಕಷ್ಟವಾದ ಇ-ಫ್ಲಾಟ್ ಶ್ರುತಿಯಲ್ಲಿ. ಗಿಟಾರಿಗೆ ಹೇಗೆ ಇಳಿಸಲಿ ಎಂದು ಕೇಳಿದ್ದೆ. ಮೂರನೆಯ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮನೆಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್, ಹಾಕಿ ಸುಲಭವಾದ ಸಿ ಶ್ರುತಿಯ ಬೆರಳಿನ ಆಕಾರಗಳನ್ನು ಹಿಡಿಯಿರಿ ಎಂಬ ನಿಮ್ಮ ಸಲಹೆಯಿಂದ ಅರ್ಧ ಸಮಸ್ಯೆ ಕರಗಿತು. ಉಳಿದರ್ಧಕ್ಕೆ ನನ್ನ ಅತ್ಯುತ್ಸಾಹವೇ ಕಾರಣ. ಕಾರ್ಡ್ ಕಡಿಮೆ ಮಾಡುವ ಭರದಲ್ಲಿ ಜಿ ಕಾರ್ಡ್‌ಗೆ ಮುಂಚೆ ಬಂದು ಅದರತ್ತ ಎಳೆಯುವ ಡಿ-ಸೆವೆನ್ ಕಾರ್ಡನ್ನೂ ಕಿತ್ತುಹಾಕಿದ್ದೆ; ಸಾಲು ಸಪ್ಪೆಯಾಯಿತು. ಈಗ ಸಾಲಿನ ನಡುವೆ ಕಾರ್ಡ್‌ಗಳು ವಿರಳ, ಕೊನೆಯಲ್ಲಿ ಮಾತ್ರ ಮೂಲದಲ್ಲಿದ್ದಷ್ಟೂ ಉಂಟು. ಬಾಸ್‌ನ (ಅತಿ ಕೆಳಗಿನ ಧ್ವನಿಯ) ನಡಿಗೆ ಕೆಡದಿರಲೆಂದು ಕೆಲವೆಡೆ ಸಿ ಕಾರ್ಡ್‌ನ ಕೆಳಗೆ ಇ ಸ್ವರ ಇಟ್ಟಿದ್ದೇನೆ.

ಹಂಚುವಾಗ ಇನ್ನೊಂದು ಪೇಚು: ಸಾಹಿತ್ಯದ ಪದಗಳ ಮೇಲೆ ಬರೆದಿದ್ದ ಕಾರ್ಡ್‌ಗಳ ಹೆಸರುಗಳೆಲ್ಲ ಮೊಬೈಲ್‌ನಲ್ಲಿ ಪಕ್ಕದ ಪದದ ಮೇಲೆ ಹೋಗಿ ಕುಳಿತವು! ಪಿಡಿಎಫ್ ಮಾಡಿದ ಮೇಲೆ ಸರಿಹೋಯಿತು. ಹಕ್ಕುಸ್ವಾಮ್ಯ ಮುಗಿದವನ್ನಷ್ಟೇ ಆರಿಸಿದ್ದೇನೆ; ಹೊಸ ಅನುವಾದಗಳನ್ನು ಮುಟ್ಟಿಲ್ಲ.