ಗ್ರಾಮ ಪಂಚಾಯಿತಿ ಬಜೆಟ್: ಬೇಡಿಕೆಯನ್ನೇ ಆದಾಯ ಅಂತ ಬರೆಯಬಹುದಾ?

ಪ್ರಶ್ನೆ (ಗ್ರಾ.ಪಂ. ಸದಸ್ಯೆ): ಬರುವ ವರ್ಷದ ಕರಡು ಬಜೆಟ್‌ನಲ್ಲಿ ಕಂದಾಯದ ಆದಾಯ 30 ಲಕ್ಷ ಅಂತ ತೋರಿಸಿದ್ದಾರೆ. ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ ಪಟ್ಟಿ) ನೋಡಿದರೆ ಚಾಲ್ತಿ ಬೇಡಿಕೆ 18 ಲಕ್ಷ, ಹಳೇ ಬಾಕಿ 12 ಲಕ್ಷ, ಉಪಕರವೂ ಅದರಲ್ಲೇ ಇದೆ. ಇದನ್ನು ನಂಬಿ ಕಾಮಗಾರಿಗೆ ಒಪ್ಪಿಗೆ ಕೊಡಬಹುದಾ ಸರ್? ಅಂದಾಜಿಗೆ ಬೇರೆ ಸಾಫ್ಟ್‌ವೇರ್ ಬೇಕಾ?

ಉತ್ತರ (ಲೆಕ್ಕ ಸಹಾಯಕರು): ಈಗಲೇ ಒಪ್ಪಬೇಡಿ ಮೇಡಂ. ನೀವು ಹೇಳಿದ್ದು ಬೇಡಿಕೆ, ಅಂದರೆ ಜನ ಕಟ್ಟಬೇಕಾದ ತೆರಿಗೆ. ಕೈಗೆ ಬರುವ ದುಡ್ಡು ಬೇರೆ. ಹೊಸ ಸಾಫ್ಟ್‌ವೇರ್ ಏನೂ ಬೇಡ. ಪಂಚಾಯಿತಿಯಲ್ಲಿ ಈಗಾಗಲೇ ಇರುವ ಪಂಚತಂತ್ರ ತಂತ್ರಾಂಶದಿಂದ ಹಿಂದಿನ 3 ವರ್ಷದ ಡಿಸಿಬಿ ತೆಗೆದು ಎಕ್ಸೆಲ್ ಹಾಳೆಗೆ ಹಾಕಿ. ಚಾಲ್ತಿ ವಸೂಲಿಯ ಶೇಕಡಾ ಒಂದು ಸಾಲು, ಬಾಕಿ ವಸೂಲಿಯ ಶೇಕಡಾ ಇನ್ನೊಂದು ಸಾಲು. ಎರಡನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದರೆ ಲೆಕ್ಕ ಹಾಳಾಗುತ್ತದೆ, ಏಕೆಂದರೆ ಬಾಕಿಯಲ್ಲಿ ಬೀಗ ಹಾಕಿದ ಮನೆ, ತಕರಾರಿನ ಆಸ್ತಿ ಎಲ್ಲ ಸೇರಿರುತ್ತವೆ.

ಉದಾಹರಣೆಗೆ ಚಾಲ್ತಿ ಶೇ 60, ಬಾಕಿ ಶೇ 20 ಬರುತ್ತಿದ್ದರೆ 10.8 + 2.4 = 13.2 ಲಕ್ಷ. ಇದೂ ಪೂರ್ತಿ ನಿಮ್ಮದಲ್ಲ. ತೆರಿಗೆಯ ಮೇಲೆ ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3, ಒಟ್ಟು ಶೇ 34 ಸಂಬಂಧಪಟ್ಟ ಇಲಾಖೆಗಳಿಗೆ ಕಟ್ಟಬೇಕು. 13.2 ಅನ್ನು 1.34ರಿಂದ ಭಾಗಿಸಿ: ಪಂಚಾಯಿತಿಗೆ ಉಳಿಯುವುದು ಸುಮಾರು 9.85 ಲಕ್ಷ. ಅದರಲ್ಲೂ ಪ.ಜಾ./ಪ.ಪಂ.ಗೆ ಶೇ 25, ವಿಕಲಚೇತನರಿಗೆ ಶೇ 5 ಮೊದಲೇ ತೆಗೆದಿಡಬೇಕು. ಉಪಕರವನ್ನು ಆದಾಯಕ್ಕೆ ಸೇರಿಸಿ ಖರ್ಚು ಮಾಡಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಗ್ಯಾರಂಟಿ.

ವಸೂಲಿಯ ಶೇಕಡಾವನ್ನು ಪ್ರತಿ ಸೂತ್ರದೊಳಗೆ ಟೈಪ್ ಮಾಡಬೇಡಿ. ಒಂದೇ ಸೆಲ್‌ನಲ್ಲಿಟ್ಟು ಎಲ್ಲ ಸೂತ್ರವೂ ಅದನ್ನೇ ನೋಡುವಂತೆ ಮಾಡಿ. 60 ಇದ್ದದ್ದನ್ನು 50 ಮಾಡಿದರೆ ಯಾವ ಕಾಮಗಾರಿ ಕೈಬಿಡಬೇಕು ಅಂತ ಸಭೆಯಲ್ಲೇ ತೋರಿಸಬಹುದು.

ಪ್ರಶ್ನೆ: ಕರೆಂಟ್ ಬಿಲ್ ಅಂದಾಜು ಹೇಗೆ ಸರ್? ಪ್ರತಿ ವರ್ಷ ಅಲ್ಲೇ ತಪ್ಪುತ್ತದೆ.

ಉತ್ತರ: ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಬಿಲ್‌ನ ಕೊನೆಯ ಮೊತ್ತ ತೆಗೆದುಕೊಳ್ಳುವುದರಿಂದಲೇ ತಪ್ಪುತ್ತದೆ. ಅದರಲ್ಲಿ ಹಿಂಬಾಕಿ, ಬಡ್ಡಿ ಎರಡೂ ಕೂಡಿರುತ್ತವೆ. ಪ್ರತಿ ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) 12 ತಿಂಗಳ ಯೂನಿಟ್ ಮಾತ್ರ ಬರೆದುಕೊಳ್ಳಿ. ಮೀಟರ್ ಕೆಟ್ಟಿದ್ದರೆ ಎಚ್‌ಪಿ × 0.746 × ದಿನದ ಗಂಟೆ × ದಿನ: 10 ಎಚ್‌ಪಿ ಪಂಪು ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ ಸುಮಾರು 1,343 ಯೂನಿಟ್. ಬೇಸಿಗೆ ತಿಂಗಳಿಗೆ ಗಂಟೆ ಹೆಚ್ಚಿಸಿ. ನೀರುಗಂಟಿಯನ್ನು ಕೇಳಿದರೆ ಸರಿಯಾದ ಲೆಕ್ಕ ಸಿಗುತ್ತದೆ. ಹಿಂಬಾಕಿಗೆ ಬೇರೆ ಸಾಲು, ಬೇರೆ ಕಂತು.

ಇನ್ನೊಬ್ಬರ ಉತ್ತರ (ನಿವೃತ್ತ ಪಿಡಿಒ): ಒಂದು ಮಾತು ಸೇರಿಸುತ್ತೇನೆ. ವಾರ್ಷಿಕ ಮೊತ್ತ ಸರಿಯಿದ್ದರೂ ಮಧ್ಯೆ ಯಾವುದೋ ತಿಂಗಳು ಖಾತೆ ಖಾಲಿಯಾಗುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 12 ಕಾಲಂ ಹಾಕಿ: ಆರಂಭ ಶಿಲ್ಕು + ಜಮಾ − ಖರ್ಚು = ಅಂತಿಮ ಶಿಲ್ಕು. ಪ್ರತಿ ನಿಧಿಗೂ ಪ್ರತ್ಯೇಕ ಹಾಳೆ ಇರಲಿ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮುಕ್ತವಾದರೂ ಸಂಬಳಕ್ಕೆ ಬಳಸುವಂತಿಲ್ಲ. ಎಲ್ಲ ಒಂದೇ ಹಾಳೆಯಲ್ಲಿ ಕೂಡಿಸಿದರೆ ದುಡ್ಡು ಇದ್ದಂತೆ ಕಾಣುತ್ತದೆ, ಸಂಬಳದ ದಿನ ಸ್ವಂತ ನಿಧಿಯಲ್ಲಿ ಏನೂ ಇರುವುದಿಲ್ಲ. ಅನುದಾನದ ಕಂತನ್ನು ನಿರೀಕ್ಷೆಗಿಂತ 2–3 ತಿಂಗಳು ತಡವಾಗಿಯೇ ಹಾಕಿಕೊಳ್ಳಿ. ತಿಂಗಳು ಮುಗಿದ ಕೂಡಲೇ ಅಂದಾಜಿನ ಪಕ್ಕದಲ್ಲಿ ನಿಜವಾದ ಅಂಕಿ ಬರೆಯಿರಿ. ಸೆಪ್ಟೆಂಬರ್ ಕೊನೆಗೆ ಚಾಲ್ತಿ ವಸೂಲಿ ಅಂದಾಜಿಗಿಂತ ಹಿಂದೆ ಬಿದ್ದಿದ್ದರೆ ಹೊಸ ಕಾಮಗಾರಿಯ ಕಾರ್ಯಾದೇಶ ತಡೆಹಿಡಿಯಿರಿ.